ಹಾರ ಹಾಕಿಸಿಕೊಂಡ ದೊರೆ

ಒಂದಾನೊಂದು ಕಾಲದಲ್ಲಿ, ತೀರಾ ಹಿಂದೆ ಏನಲ್ಲ ಕೂಸೇ, ಫೋಟೋ ಹಿಡಿಯೋ ಪೆಟ್ಟಿಗೆ ಹೊಸದಾಗಿ ಬಂದಿತ್ತಲ್ಲ ಆ ಕಾಲ ಅಂತಿಟ್ಕೊ, ಬಿಳಿಕಲ್ಲೂರು ಅಂತ ಒಂದು ಸೀಮೆ ಇತ್ತಂತೆ. ಅದಕ್ಕೆ ಪ್ರಚಂಡರಾಯ ಅಂತ ಒಬ್ಬ ದೊರೆ. ಹೆಸರೇನೋ ಪ್ರಚಂಡ, ಆಳು ನಮ್ಮನೆ ರಾಗಿ ಗುಡಾಣದಷ್ಟೇ ಎತ್ತರ, ಅಷ್ಟೇ ಅಗಲ. ನಗಬೇಡ. ಕುಳ್ಳಗಿರೋದೇನು ತಪ್ಪಲ್ಲ, ನಿಮ್ಮ ತಾತನೂ ಕುಳ್ಳಗೇ ಇದ್ರು, ಎಂಥಾ ಮನುಷ್ಯ! ಈ ದೊರೆ ತಪ್ಪು ಬೇರೆ. ಜನ ಬೆಳೆದ ಕಾಳೆಲ್ಲ ಕಣದಿಂದ ನೇರ ಅರಮನೆಗೆ ಹೊರಿಸ್ಕೊಳ್ಳೋನಂತೆ, ಯಾಕೆ ಬುದ್ದೀ ಅಂತ ಕೇಳಿದೋರನ್ನ ಸೆರೆಮನೆಗೆ ಹಾಕಿಸೋನಂತೆ. ಮತ್ತೆ ಅರಮನೇಲಿ ಎಲ್ಲರೂ ತಲೆ ಬಗ್ಗಿಸ್ಕೊಂಡೇ ಓಡಾಡ್ಬೇಕು, ದೊರೆ ಮುಖ ಯಾರೂ ನೋಡೋ ಹಂಗಿಲ್ಲ ಅಂತ ಅಪ್ಪಣೆ. ಅಡುಗೆಯೋನಿಗೆ ಅವನ ಪಾದ ಗೊತ್ತು, ಕಾವಲಿನೋರಿಗೆ ಅವನ ಚಪ್ಪಲಿ ಗೊತ್ತು, ಮುಖ ಮಾತ್ರ ಒಬ್ಬರಿಗೂ ಗೊತ್ತಿರಲಿಲ್ವಂತೆ.

ಆ ಊರಲ್ಲಿ ಮುದ್ದಯ್ಯ, ಸಾಕಮ್ಮ ಅಂತ ಗಂಡ ಹೆಂಡ್ತಿ. ಇಡೀ ಸೀಮೆಗೆ ಫೋಟೋ ಪೆಟ್ಟಿಗೆ ಇದ್ದಿದ್ದು ಅವರಿಬ್ಬರ ಹತ್ರಾನೇ. ಮದುವೆ ಅಂದ್ರೆ ಅವರನ್ನ ಕರೀಬೇಕು, ನಾಮಕರಣ ಅಂದ್ರೆ ಅವರನ್ನ ಕರೀಬೇಕು. ಮುದ್ದಯ್ಯ ಪೆಟ್ಟಿಗೆ ಮೇಲೆ ಕರೀ ಬಟ್ಟೆ ಹೊದ್ಕೊಂಡು ನಿಂತ್ರೆ ಸಾಕಮ್ಮ ಮುಂದೆ ನಿಂತು, ಅಲ್ಲಾಡ್ಬೇಡಿ, ಉಸಿರು ಹಿಡೀರಿ, ಹನ್ನೆರಡು ಎಣಿಸೋ ತನಕ ಕಣ್ಣು ಮಿಟುಕಿಸ್ಬೇಡಿ ಅಂತ ಗದರೋಳಂತೆ. ಒಂದು ದಿನ ಅರಮನೆಯಿಂದ ಕರೆ ಬಂತು. ಮುದ್ದಯ್ಯ ಒಬ್ಬನೇ ಹೋದ, ದೊರೆ ಹೆಂಗಿದ್ನೋ ಹಂಗೇ ಫೋಟೋ ಹಿಡಿದ. ಕುಳ್ಳು, ಬೋಳುತಲೆ, ಮೀಸೆ ಇಲ್ಲ, ಗದ್ದದ ಕೆಳಗೆ ಇನ್ನೊಂದು ಗದ್ದ, ಅದರ ಮೇಲೆ ಒಂದು ಆಕಳಿಕೆ. ದೊರೆ ನೋಡಿ ಕೆಂಡಾಮಂಡಲ ಆದ್ನಂತೆ. ಇದು ನಾನಲ್ಲ ಅಂದ್ನಂತೆ. ಮುದ್ದಯ್ಯ ಕೈಮುಗಿದು, ಬುದ್ದೀ, ಈ ಪೆಟ್ಟಿಗೆಗೆ ಸುಳ್ಳು ಹೇಳೋಕೆ ಬರಲ್ಲ ಅಂದ. ಆಯ್ತಲ್ಲ, ಆವತ್ತೇ ಅವನನ್ನ ಸೆರೆಮನೆಗೆ ನೂಕಿಸಿಬಿಟ್ಟ.

ಆಮೇಲೆ ಸಾಕಮ್ಮನ್ನ ಕರೆಸಿ, ನೋಡಮ್ಮಾ, ಮೂರು ಫೋಟೋ ತೆಗೆದುಕೊಡು, ನೋಡಿದ ಜನ ನಮ್ಮ ಮೇಲಿನ ಪ್ರೀತಿಗೆ ಕಣ್ಣೀರು ಹಾಕ್ಬೇಕು, ಅಂಥ ಫೋಟೋ, ಕೊಟ್ರೆ ನಿನ್ನ ಗಂಡನ್ನ ಬಿಡ್ತೀವಿ ಅಂದ್ನಂತೆ. ಸಾಕಮ್ಮನಿಗೆ ಗಂಡನ ಮೇಲೆ ಪ್ರಾಣ. ಪೆಟ್ಟಿಗೆಗೆ ಸುಳ್ಳು ಹೇಳೋಕೆ ಬರದೇ ಇದ್ರೆ ಏನಂತೆ, ಪೆಟ್ಟಿಗೆ ಮುಂದೆ ನಿಂತೋರಿಗೆ ಬರುತ್ತಲ್ಲ ಅಂದ್ಕೊಂಡು, ಆಗಲಿ ಬುದ್ದೀ ಅಂದ್ಲಂತೆ.

ಮೊದಲನೇ ಫೋಟೋ, ದೊರೆ ಹೊಲ ಉಳೋದು. ಹೊಲಕ್ಕೆ ಹೋದ್ನಾ ಅಂತ ಕೇಳ್ಬೇಡ. ಹೊಲವನ್ನೇ ಬುಟ್ಟೀಲಿ ಹೊರಿಸಿ ಅರಮನೆ ಅಂಗಳಕ್ಕೆ ತರಿಸಿದ್ನಂತೆ. ಕಾಲ ಕೆಳಗೆ ಎರಡು ಮಣೆ, ಎತ್ತರ ಕಾಣ್ಲಿ ಅಂತ. ಮೂಗಿನ ಕೆಳಗೆ ಕುದುರೆ ಬಾಲದ ಕೂದಲಿನ ಮೀಸೆ. ಸೇವಕರು ತಲೆ ಬಗ್ಗಿಸ್ಕೊಂಡೇ ಹಣೆ ಮೇಲೆ ಬೆವರು ಅಂತ ಪನ್ನೀರು ಚಿಮುಕಿಸಿದ್ರು, ಮೊಣಕಾಲಿಗೆ ಒಂದು ಬಟ್ಟಲಲ್ಲಿ ಕೆಸರು ಕಲಸಿ ತಂದು ಸವರಿದ್ರು. ಆ ಕೆಸರಿಗೂ ಏಲಕ್ಕಿ ಹಾಕಿದ್ರಂತೆ ಕಣೇ, ದೊರೆಗೆ ವಾಸನೆ ಬರಬಾರದು ಅಂತ! ಸಾಕಮ್ಮ ಕರೀ ಬಟ್ಟೆಯೊಳಗೆ ತಲೆ ಹಾಕಿದ್ಲು. ಆ ಪೆಟ್ಟಿಗೆ ಗಾಜಲ್ಲಿ ಎಲ್ಲರೂ ತಲೆಕೆಳಗಾಗಿ ಕಾಣ್ತಾರೆ, ದೊರೆನೂ ಅಷ್ಟೆ, ಸೇವಕನೂ ಅಷ್ಟೆ. ಅವಳಿಗೆ ನಗು ಬಂತಂತೆ. ಬಟ್ಟೆಯೊಳಗೆ ನಕ್ಕರೆ ಯಾರಿಗೆ ಗೊತ್ತಾಗುತ್ತೆ, ಹೊಟ್ಟೆ ತುಂಬ ನಕ್ಕು ಆಚೆ ಬಂದ್ಲಂತೆ. ಫೋಟೋ ಆಯ್ತು, ನನ್ನ ಯಜಮಾನ್ರು ಬುದ್ದೀ ಅಂದ್ರೆ, ಇನ್ನೂ ಎರಡಿದೆ ಅಂದ ದೊರೆ.

ಎರಡನೇದು ದೊರೆ ಹುಲಿ ಹೊಡೆಯೋದು. ಹುಲಿ ಚರ್ಮ ಅರಮನೆ ಅಟ್ಟದಲ್ಲಿ ಬಿದ್ದಿತ್ತು, ಅದರೊಳಗೆ ಹುಲ್ಲು ತುಂಬಿ, ಕಣ್ಣಿಗೆ ಎರಡು ಹಸಿರು ಗೋಲಿ ಇಟ್ಟು ನಿಲ್ಲಿಸಿದ್ರು. ಅಷ್ಟಕ್ಕೇ ದೊರೆ ತರತರ ನಡುಗಿಬಿಟ್ಟ. ಅಲ್ಲಾಡಿದ್ರೆ ಫೋಟೋ ಕೆಡುತ್ತಲ್ಲ, ಒಂದು ಕೆಟ್ಟು, ಎರಡು ಕೆಟ್ಟು, ಕೊನೆಗೆ ಹುಲಿ ಮುಖಕ್ಕೆ ಟವಲ್ ಮುಚ್ಚಿ, ದೊರೆ ಧೈರ್ಯ ತಂದ್ಕೊಂಡ ಮೇಲೆ ಸರಕ್ಕನೆ ಟವಲ್ ಎಳೆದು ಮುಗಿಸಿದ್ರಂತೆ. ನನ್ನ ಯಜಮಾನ್ರು ಬುದ್ದೀ ಅಂದ್ರೆ, ಇನ್ನೂ ಒಂದಿದೆ ಅಂದ.

ಮೂರನೇದೇ ಕೆಟ್ಟದ್ದು ಕೂಸೇ. ದೊರೆ ಬಡವರ ಮಕ್ಕಳಿಗೆ ಕೈಯ್ಯಾರೆ ಅನ್ನ ತಿನ್ನಿಸೋದು. ಕೇರಿಯಿಂದ ಹತ್ತು ಮಕ್ಕಳನ್ನ ಕರೆಸಿ ಸಾಲಾಗಿ ಕೂರಿಸಿ ಎಲೆ ಹಾಕಿದ್ರು. ಮಕ್ಕಳು ಬೆಳಗ್ಗಿಂದ ಏನೂ ತಿಂದಿರಲಿಲ್ಲ, ಅರಮನೆ ಊಟ ಅಂತ ಹೊಟ್ಟೆ ಖಾಲಿ ಇಟ್ಕೊಂಡೇ ಬಂದಿದ್ವು. ಎಲೆ ಮೇಲೆ ಬೆಳ್ಳಗೆ ರಾಶಿ ಬಡಿಸಿದ್ರು. ಏನದು? ಅನ್ನ ಅಂದ್ಯಾ? ಹತ್ತಿ! ಬಿಸಿ ಅನ್ನದ ಹಬೆ ಫೋಟೋಗೆ ಅಡ್ಡ ಬರುತ್ತೆ, ಹತ್ತಿ ಆದ್ರೆ ಚೆನ್ನಾಗಿ ಕಾಣುತ್ತೆ ಅಂದ್ರಂತೆ ಅರಮನೆಯೋರು. ಪುಟ್ಟಿ ಅನ್ನೋ ಒಂದು ಹೆಣ್ಣುಮಗು, ನಿನ್ನಷ್ಟೇ ಇದ್ದಿರಬೇಕು, ದೊರೆ ಬಾಯಿಗಿಟ್ಟ ತುತ್ತನ್ನ ಪಾಪ ಅಗಿದೇ ಅಗೀತಂತೆ. ಫೋಟೋ ಆದ ತಕ್ಷಣ ಎಲೆ ಎತ್ತಿಸಿ, ಮಕ್ಕಳನ್ನ ಹಸಕೊಂಡೇ ಆಚೆಗೆ ಅಟ್ಟಿದ್ರು. ಈ ಸಲ ಸಾಕಮ್ಮ ಬಟ್ಟೆಯೊಳಗೆ ನಗಲಿಲ್ಲ. ಇದನ್ನ ಹಿಡಿದಿದ್ದು ನನ್ನ ಕೈಯೇ ಅಲ್ವಾ ಅಂತ ತನ್ನ ಮೇಲೆ ತನಗೇ ಸಿಟ್ಟು ಬಂತಂತೆ.

ಕಣ್ಣೊರೆಸ್ಕೊಂಡು, ಬುದ್ದೀ, ಮೂರಾಯ್ತು, ಮಾತು ಕೊಟ್ಟಿದ್ರಿ ಅಂದ್ಲು. ದೊರೆ ಮೀಸೆ ಕಿತ್ತು ಮೇಜಿನ ಮೇಲಿಟ್ಟು, ಅಯ್ಯೋ ಹುಚ್ಚಿ, ಗಂಡ ಆಚೆ ಬಂದ ಅಂದ್ರೆ ನೀನು ಮಣೆ ಕತೆ, ಹತ್ತಿ ಕತೆ ಎಲ್ಲ ಊರಿಗೆ ಹೇಳಿಬಿಡ್ತೀಯ, ನಿನ್ನ ಬಾಯಿಗೆ ಅವನೇ ಬೀಗ, ನಾನಿರೋ ತನಕ ಅವನು ಅಲ್ಲೇ ಅಂದ್ನಂತೆ.

ಸಾಕಮ್ಮ ಏನು ಮಾಡ್ತಾಳೆ, ಮುದ್ದೆ ಕಟ್ಕೊಂಡು ಸೆರೆಮನೆ ಬಾಗಿಲಿಗೆ ಹೋದ್ಲು. ಅಲ್ಲಿ ಜವರಯ್ಯ ಅಂತ ವಯಸ್ಸಾದ ಕಾವಲುಗಾರ, ಒಳ್ಳೇ ಮನುಷ್ಯ. ಜವರಣ್ಣಾ, ಇವರಿಗೆ ಬಿಡುಗಡೆನೇ ಇಲ್ವೇನಣ್ಣ ಅಂತ ಕೇಳಿದ್ಲು. ಅವನು, ದೊರೆ ಬಿಡು ಅಂದ್ರೆ ಬಿಡ್ತೀನಿ ತಾಯಿ, ಇಲ್ಲ ಅಂದ್ರೆ ದೊರೆ ತೀರ್ಕೊಂಡ ಹನ್ನೊಂದನೇ ದಿನ, ಆವತ್ತು ಒಳಗಿರೋರನ್ನೆಲ್ಲ ಬಿಟ್ಟು ಊಟಕ್ಕೆ ಕೂರಿಸ್ಬೇಕು, ಹಳೇ ಕಾಲದಿಂದ ಬಂದ ಕಟ್ಟಳೆ ಅಂದ್ನಂತೆ. ದೊರೆ ನೋಡಿದ್ರೆ ಕಲ್ಲುಗುಂಡಿನ ಹಂಗಿದ್ದಾನೆ, ಒಂದು ಕೆಮ್ಮೂ ಇಲ್ಲ. ಸಾಕಮ್ಮ ಮನೆಗೆ ಬಂದ್ಲು, ದೀಪ ಹಚ್ಚಿದ್ಲು, ತೀರ್ಕೊಂಡಿದ್ದ ಮಾವನ ಫೋಟೋಗೆ ದಿನಾ ಹಾಕೋ ಹಂಗೆ ಹೊಸ ಹಾರ ಹಾಕೋಕೆ ಹೋದೋಳು, ಹಾರ ಕೈಯಲ್ಲಿ ಹಿಡ್ಕೊಂಡು ಹಂಗೇ ನಿಂತುಬಿಟ್ಲಂತೆ. ನಿಂತು, ಮೆಲ್ಲಗೆ ನಕ್ಲಂತೆ.

ಹೊಳೀತಾ ನಿಂಗೆ? ಇಲ್ವಾ? ಇರು, ಹೇಳ್ತೀನಿ.

ಮಾರನೇ ದಿನ ಅರಮನೆಗೆ ಹೋಗಿ, ಬುದ್ದೀ, ಫೋಟೋ ಮನೆಮನೆಗೂ ಹಂಚ್ತೀರಂತೆ, ಸಂತೋಷ, ಆದ್ರೆ ಬರೀ ಗೋಡೆಗೆ ತೂಗುಹಾಕಿದ್ರೆ ಏನು ಬಂತು, ಜನ ದೇವರ ಪಟಕ್ಕೆ ಹಾರ ಹಾಕ್ತಾರೆ, ದೀಪ ಇಡ್ತಾರೆ, ನೀವೇನು ಕಮ್ಮೀನಾ ಅಂದ್ಲಂತೆ. ದೊರೆ ಉಬ್ಬಿಹೋದ. ನಮ್ಮಂಥೋರ ಮನೇಲಿ ಮನುಷ್ಯರ ಫೋಟೋಗೆ ಹಾರ ಬೀಳೋದು ಯಾವಾಗ ಅಂತ ನಿಂಗೂ ಗೊತ್ತು, ಅವನಿಗೆ ಗೊತ್ತಿಲ್ಲ. ಗೊತ್ತಾಗೋಕೆ ಅವನು ಹುಟ್ಟಿದಾಗಿಂದ ಒಬ್ಬರ ಮನೆ ಹೊಸಿಲಾದರೂ ದಾಟಿದ್ನಾ? ಆವತ್ತೇ ಡಂಗುರ ಹೊಡೆಸಿದ. ಮನೆಗೊಂದು ದೊರೆ ಫೋಟೋ, ಅದಕ್ಕೊಂದು ಹಾರ, ಎದುರಿಗೊಂದು ದೀಪ, ತಪ್ಪಿದ್ರೆ ಸೆರೆ ಅಂತ.

ಜನ ಫೋಟೋ ಇಸ್ಕೊಂಡ್ರು, ಹಾರ ಹಾಕಿದ್ರು, ದೀಪ ಇಟ್ರು, ಇಟ್ಟು ಮುಖಮುಖ ನೋಡ್ಕೊಂಡ್ರು. ಅಯ್ಯೋ, ಯಾವಾಗ ಹೋದ್ರಂತೆ ಅಂತ ಒಬ್ಬಳು. ದೊಡ್ಡೋರ ಸಾವು ಕಣೇ, ಬಾಯಿಬಿಟ್ಟು ಹೇಳಲ್ಲ, ಹಿಂಗೇ ತಿಳಿಸೋದು ಅಂತ ಇನ್ನೊಬ್ಬಳು. ನೋಡು, ಸ್ವತಃ ನೇಗಿಲು ಹಿಡೀತಿದ್ರಂತೆ, ಹುಲಿ ಹೊಡೀತಿದ್ರಂತೆ, ಇಂಥ ಪುಣ್ಯಾತ್ಮ ಇದ್ದಾಗ ನಮಗೆ ಗೊತ್ತೇ ಆಗಲಿಲ್ವಲ್ಲ ಅಂತ ಹೆಂಗಸರೆಲ್ಲ ಬೀದೀಲಿ ಕೂತು ಅತ್ರಂತೆ. ದೊರೆ ಉಪ್ಪರಿಗೆ ಕಿಟಕಿಯಿಂದ ನೋಡಿ, ಆಹಾ, ನಮ್ಮ ಮೇಲೆ ಎಷ್ಟು ಪ್ರೀತಿ ಅಂತ ಮೀಸೆ ತೀಡ್ಕೊಂಡ. ತೀಡೋಕೆ ಹೋದ್ರೆ ಮೀಸೆ ಕೈಗೇ ಬಂತು, ಅದು ಬೇರೆ ವಿಷಯ.

ಹನ್ನೊಂದನೇ ದಿನ ಸೆರೆಮನೆ ಬಯಲಲ್ಲಿ ಊರೆಲ್ಲ ಸೇರಿ ದೊರೆ ಹೆಸರಲ್ಲಿ ಊಟ ಹಾಕಿಸಿದ್ರು. ಅರಮನೆ ಕಾವಲಿನೋರೂ, ಹಾರ ಬಿದ್ದ ಮೇಲೆ ಸತ್ತ ಲೆಕ್ಕವೇ, ಸತ್ತೋರಿಗೆ ಏನು ಕಾವಲು ಅಂತ ಈಟಿ ಒರಗಿಸಿಟ್ಟು ಊಟಕ್ಕೆ ನಡೆದ್ರಂತೆ. ಜವರಯ್ಯ ಬಾಗಿಲು ತೆಗೆದ. ಒಳಗಿದ್ದೋರೆಲ್ಲ ಬೆಳಕಿಗೆ ಕಣ್ಣು ಕಿರಿದು ಮಾಡ್ಕೊಂಡು ಆಚೆ ಬಂದ್ರು, ಕೊನೇಲಿ ಮುದ್ದಯ್ಯನೂ ಬಂದ, ಮುಖ ತುಂಬ ಗಡ್ಡ ಬೆಳೆದಿತ್ತು. ಸಾಕಮ್ಮ ಓಡಿಹೋಗಿ ಅವನ ಕೈ ಹಿಡ್ಕೊಂಡು ಅತ್ಲಂತೆ.

ಅಷ್ಟರಲ್ಲಿ ದೊರೆಗೆ ಸುದ್ದಿ ಮುಟ್ಟಿತು. ಸಿಟ್ಟಲ್ಲಿ ಮೀಸೆ ಮರೆತ, ಪೇಟ ಮರೆತ, ಎದ್ದುಬಿದ್ದು ಓಡಿಬಂದು, ಯಾರೋ ಅವನು ಬಾಗಿಲು ತೆಗೆದೋನು, ನಾನು ದೊರೆ, ನಾನಿನ್ನೂ ಸತ್ತಿಲ್ಲ ಅಂತ ಕೂಗಾಡಿದ. ಜನ ಅವನ ಮುಖ ನೋಡಿದ್ರು, ಬಾಗಿಲಿಗೆ ತೂಗುಹಾಕಿದ್ದ ಫೋಟೋ ನೋಡಿದ್ರು. ಫೋಟೋದಲ್ಲಿರೋನು ಆಳೆತ್ತರ, ಇವನು ಗುಡಾಣ. ಜವರಯ್ಯ ಸಮಾಧಾನವಾಗಿ, ಸ್ವಾಮಿ, ನಮ್ಮ ದೊರೆ ನೇಗಿಲು ಹಿಡೀತಿದ್ರು, ನೀವೂ ಸ್ವಲ್ಪ ಹಿಡೀರಿ ನೋಡೋಣ ಅಂದ. ಪಕ್ಕದ ಹೊಲದಲ್ಲಿ ಎತ್ತು ಕಟ್ಟಿತ್ತು. ದೊರೆ ಎತ್ತಿನ ಹಿಂದೆ ನಿಲ್ಲೋದು ಬಿಟ್ಟು ಮುಂದೆ ಹೋಗಿ ನಿಂತ! ಎತ್ತು ಕೊಂಬು ಅಲ್ಲಾಡಿಸ್ತು, ದೊರೆ ಕೆಸರಲ್ಲಿ ಕೂತ. ಆ ಕೆಸರಿಗೆ ಏಲಕ್ಕಿ ಇರಲಿಲ್ಲ. ಹೋಗ್ಲಿ, ಹುಲಿ ಹೊಡೆದೋರು ನಾಯಿಗೆ ಹೆದರಲ್ಲ ಅಲ್ವಾ ಅಂತ ಯಾರೋ ಕೇರಿ ನಾಯೀನ ಛೂ ಬಿಟ್ರು. ದೊರೆ ಹುಣಸೆ ಮರ ಹತ್ತಿ ಕೂತ. ಜನ ಬಿದ್ದುಬಿದ್ದು ನಕ್ರು, ಯಾರೋ ಪಾಪದ ಹುಚ್ಚ ಅಂದ್ರು.

ಆಗ ಎಲೆ ಮುಂದೆ ಕೂತಿದ್ದ ಪುಟ್ಟಿ ಎದ್ದು ನಿಂತು, ಮರದ ಮೇಲೆ ನೋಡಿ, ಅವ್ವಾ, ನಂಗೆ ಹತ್ತಿ ತಿನ್ನಿಸಿದೋನು ಇವನೇ ಅಂದ್ಲು.

ನಗು ನಿಂತುಹೋಯ್ತು. ಎಲ್ಲರೂ ಸಾಕಮ್ಮನ ಕಡೆ ತಿರುಗಿದ್ರು, ಫೋಟೋ ಹಿಡಿದೋಳು ಅವಳೇ ಅಲ್ವಾ. ಅಲ್ಲ ಅಂದುಬಿಟ್ರೆ ಗಂಡ ಉಳೀತಾನೆ, ತಾನೂ ಉಳೀತಾಳೆ. ಆದ್ರೆ ಮಗು ಮುಖ ನೋಡಿ ಸುಳ್ಳು ಹೇಳೋಕೆ ಬಾಯಿ ಬರಲಿಲ್ವಂತೆ. ಹೌದು, ಇವರೇ ದೊರೆ, ಕಾಲ ಕೆಳಗೆ ಎರಡು ಮಣೆ ಇತ್ತು, ಹುಲಿ ಹೊಟ್ಟೇಲಿ ಹುಲ್ಲಿತ್ತು, ಅನ್ನ ಅಲ್ಲ ಅದು ಹತ್ತಿ, ಹಿಡಿದಿದ್ದು ನಾನು, ನಂದೂ ತಪ್ಪಿದೆ ಅಂತ ಎಲ್ಲರೆದುರು ಗಟ್ಟಿಯಾಗಿ ಹೇಳಿದ್ಲು. ಕೇಳಿದ್ರಾ, ಕೇಳಿದ್ರಾ, ನಾನೇ ದೊರೆ, ಎಲ್ಲರನ್ನೂ ಹಿಡಿದು ಒಳಗೆ ಹಾಕಿ ಅಂತ ದೊರೆ ಮರದ ಮೇಲಿಂದ ಕಿರುಚಿದ.

ಒಬ್ಬರೂ ಅಲ್ಲಾಡಲಿಲ್ಲ. ಜವರಯ್ಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು, ಸ್ವಾಮಿ, ಹಾರ ಹಾಕಿ ಆಗಿದೆ, ದೀಪ ಇಟ್ಟು ಆಗಿದೆ, ಅಳೋರು ಅತ್ತೂ ಆಗಿದೆ, ಇವತ್ತು ಹನ್ನೊಂದನೇ ದಿನದ ಊಟಾನೂ ಆಗ್ತಿದೆ, ಎಲ್ಲ ನಿಮ್ಮದೇ ಅಪ್ಪಣೆ, ಆ ದೊರೆ ಹೋದ್ರು, ಇಷ್ಟೆಲ್ಲ ಆದ ಮೇಲೆ ಯಾರೂ ವಾಪಸು ಬರಲ್ಲ, ನೀವು ಯಾರೋ ಹಸಕೊಂಡು ಬಂದಿದ್ದೀರ, ಇಳೀರಿ, ಎಲೆ ಹಾಕ್ತೀವಿ ಅಂದ್ನಂತೆ. ಕಾವಲಿನೋರೆಲ್ಲ ಹೌದು ಹೌದು ಅಂದ್ರು. ದೊರೆ ಅತ್ತ ಇತ್ತ ನೋಡಿದ. ಬಿಸಿ ಅನ್ನದ ವಾಸನೆ ಬರ್ತಿತ್ತು. ಮೆಲ್ಲಗೆ ಇಳಿದು ಬಂದು ಕೂತ. ಪುಟ್ಟಿ ತನ್ನ ಎಲೆಯಿಂದ ಒಂದು ತುತ್ತು ತೆಗೆದು ಅವನ ಬಾಯಿಗಿಟ್ಟು, ಇದು ಹತ್ತಿ ಅಲ್ಲ, ಅಗಿ ಅಂದ್ಲಂತೆ. ಅವನ ಕಣ್ಣಲ್ಲಿ ನೀರು ಬಂತಂತೆ, ಪನ್ನೀರಲ್ಲ, ನಿಜವಾದ್ದು.

ಆಮೇಲೆ ಊರ ಹಿರೀಕರೆಲ್ಲ ಕೂತು ಮಾತಾಡಿ ಸೀಮೆ ನಡೆಸಿದ್ರು, ಕಣದ ಕಾಳು ಬೆಳೆದೋರ ಮನೆಗೇ ಹೋಯ್ತು. ನಿನ್ನ ಹೆಸರೇನಪ್ಪ ಅಂತ ಕೇಳಿದ್ದಕ್ಕೆ ಆ ದೊರೆ, ನಮ್ಮವ್ವ ಗುಂಡ ಅಂತ ಕರೀತಿದ್ಲು ಅಂದ್ನಂತೆ. ಜವರಯ್ಯನ ಹೊಲದಲ್ಲೇ ಕೆಲಸಕ್ಕೆ ನಿಂತ. ಮೊದಲನೇ ವರ್ಷ ಬರೀ ಬಿದ್ದ, ಎರಡನೇ ವರ್ಷ ಸಾಲು ಹಾವಿನ ಹಂಗೆ ಹೋಯ್ತು, ಮೂರನೇ ವರ್ಷ ಒಂದು ಸಾಲು ನೆಟ್ಟಗೆ ಬಂತು. ಆವತ್ತು ಮುದ್ದಯ್ಯ ಪೆಟ್ಟಿಗೆ ಹೊತ್ಕೊಂಡು ಹೊಲಕ್ಕೇ ಹೋದ. ಗುಂಡಣ್ಣ ಮಣೆ ಕೇಳಲಿಲ್ಲ, ಮೀಸೆ ಕೇಳಲಿಲ್ಲ, ಹೆಂಗಿದ್ನೋ ಹಂಗೇ ನೇಗಿಲು ಹಿಡ್ಕೊಂಡು ಹನ್ನೆರಡು ಎಣಿಸೋ ತನಕ ಅಲ್ಲಾಡದೆ ನಿಂತ. ಫೋಟೋ ಕೈಗೆ ಬಂದಾಗ ಬಹಳ ಹೊತ್ತು ನೋಡಿ, ಇದು ನಾನೇ ಅಂದ್ನಂತೆ. ಇದನ್ನ ನಮ್ಮನೆ ಗೋಡೆಗೆ ಹಾಕ್ತೀವಿ ಅಂದ್ಲು ಸಾಕಮ್ಮ. ಗುಂಡಣ್ಣ ಗಾಬರಿಯಿಂದ ಎರಡೂ ಕೈಮುಗಿದು, ಹಾಕ್ಕೊಳವ್ವಾ, ಹಾರ ಮಾತ್ರ ಹಾಕ್ಬೇಡ, ನಾನೀಗಷ್ಟೇ ಬದುಕೋಕೆ ಶುರು ಮಾಡಿದ್ದೀನಿ ಅಂದ್ನಂತೆ.

ಅವರು ಅಲ್ಲಿ ಬಿಸಿ ಅನ್ನ ಉಂಡ್ರು, ನಾವಿಲ್ಲಿ ಹೊದ್ಕೊಂಡು ಮಲಗಿದ್ವಿ, ಕತೆ ಮುಗೀತು. ಕಣ್ಣು ಮುಚ್ಚು ಈಗ.