ಸಾಕ್ಷಿಯನ್ನೇ ಸಾರು ಮಾಡಿದವರು

ಕರಾವಳಿಯ ಒಂದು ಊರಿನಲ್ಲಿ ಮೀನುಗಳ ಮ್ಯೂಸಿಯಂ ಇತ್ತು. ಮ್ಯೂಸಿಯಂ ಎಂದರೆ ದೊಡ್ಡದೇನಲ್ಲ, ಮೀನು ಸಂಶೋಧನಾ ಕೇಂದ್ರದ ಹಿಂಬದಿಯ ಎರಡು ಕೋಣೆಗಳು. ಗಾಜಿನ ಜಾಡಿಗಳಲ್ಲಿ ಸ್ಪಿರಿಟ್ಟು, ಸ್ಪಿರಿಟ್ಟಿನಲ್ಲಿ ಮುಳುಗಿದ ಮೀನುಗಳು. ಪ್ರತಿ ಜಾಡಿಗೂ ಒಂದು ನಂಬರು. ಯಾವ ಕಡಲಿನದು, ಯಾರು ಹಿಡಿದರು, ಯಾರು ಗುರುತಿಸಿದರು ಎಂದು ಹೇಳುವ ಚೀಟಿ.

ಅದನ್ನು ನೋಡಿಕೊಳ್ಳುತ್ತಿದ್ದವಳು ವಿನಯಾ ಕುಂದರ್. ಮೀನಿನ ಹಲ್ಲು ನೋಡಿ, ಬಾಲದ ಮುಳ್ಳು ಅಳೆದು, ತಿಳಿದ ಇನ್ನೊಬ್ಬರಿಗೂ ತೋರಿಸಿ, ಆಮೇಲೆ ಹೆಸರು ಬರೆಯುವುದು ಅವಳ ಪದ್ಧತಿ. ಕೇಂದ್ರದ ಉಳಿದವರಿಗೆ ಇದು ನಗೆಪಾಟಲು. ಬೆನ್ನ ಹಿಂದೆ ಅವಳನ್ನು ಉಪ್ಪಿನಕಾಯಿ ಭರಣಿ ಕಾಯುವವಳು ಎನ್ನುತ್ತಿದ್ದರು.

ಮುಂದಿನ ಕಟ್ಟಡದಲ್ಲಿ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಉಪೇಂದ್ರ ಬಾಳಿಗರ ಲ್ಯಾಬು. ಅಲ್ಲಿ ಮೀನಿನ ಡಿಎನ್‌ಎ ಓದುವ ಯಂತ್ರವಿತ್ತು. ಪ್ರತಿ ಜೀವಿಯ ಮೈಯೊಳಗೆ ಅದರ ಜಾತಿಯ ಗುರುತು ಅಕ್ಷರಗಳ ಸಾಲಿನ ಹಾಗೆ ಇರುತ್ತದಂತೆ. ಯಂತ್ರ ಆ ಸಾಲನ್ನು ಓದಿ ಕೊಡುತ್ತಿತ್ತು. ಬಾಳಿಗರ ತಂಡ ಆ ಸಾಲಿಗೆ ಮೀನಿನ ಹೆಸರು ಅಂಟಿಸಿ, ಲೋಕದವರೆಲ್ಲ ನೋಡುವ ಕಂಪ್ಯೂಟರ್ ಕಣಜಕ್ಕೆ ಹಾಕುತ್ತಿತ್ತು. ಇನ್ನು ಯಾವ ದೇಶದವರಿಗೆ ಯಾವ ಮೀನಿನ ಚೂರು ಸಿಕ್ಕಿದರೂ, ಆ ಕಣಜದ ಜೊತೆ ಹೋಲಿಸಿ ಇದು ಇಂಥ ಮೀನು ಎಂದುಬಿಡುತ್ತಿದ್ದರು.

ಹೆಸರು ಅಂಟಿಸುವ ರೀತಿಯನ್ನೂ ಕೇಳಿ. ಬೆಳಿಗ್ಗೆ ಬೋಟಿನಿಂದ ಮೀನು ಬರುತ್ತದೆ. ಯಾರೋ ಒಬ್ಬರು ಚಹಾ ಕುಡಿಯುತ್ತಾ ನೋಡಿ ಒಂದು ಹೆಸರು ಹೇಳುತ್ತಾರೆ. ರೆಕ್ಕೆಯ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ ಲ್ಯಾಬಿಗೆ ಕಳಿಸುತ್ತಾರೆ. ಉಳಿದ ಮೀನು ನೇರವಾಗಿ ಕ್ಯಾಂಟೀನಿಗೆ ಹೋಗುತ್ತದೆ. ಕಡಲತೀರದವರಿಗೆ ತಾಜಾ ಮೀನನ್ನು ಸ್ಪಿರಿಟ್ಟಿಗೆ ಹಾಕುವುದೆಂದರೆ ಬಡಿಸಿದ ಎಲೆಯನ್ನು ಎತ್ತಿ ಎಸೆದ ಹಾಗೆ. ಮಧ್ಯಾಹ್ನಕ್ಕೆ ಬಿಸಿ ಬಿಸಿ ಸಾರು, ಕುಚ್ಚಲಕ್ಕಿ ಅನ್ನ.

"ಸರ್, ಹೆಸರು ಕೊಟ್ಟ ಮೀನನ್ನಾದರೂ ಜಾಡಿಗೆ ಕೊಡಿ. ನಾಳೆ ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಬೇಕು," ಎಂದು ವಿನಯಾ ಎಷ್ಟೋ ಸಲ ಕೇಳಿದ್ದಳು.

"ಅಕ್ಷರ ಸಿಕ್ಕಿದ ಮೇಲೆ ಮೀನು ಎಂತಕ್ಕೆ ವಿನಯಾ? ಅಕ್ಷರ ಸುಳ್ಳು ಹೇಳುವುದಿಲ್ಲ. ಬನ್ನಿ, ಊಟ ಮಾಡಿ," ಎಂದು ಬಾಳಿಗರು ನಗುತ್ತಿದ್ದರು. ಆ ನಗು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡು ತನ್ನ ಜಾಡಿಗಳ ಹತ್ತಿರ ಹೋಗುತ್ತಿದ್ದಳು.

ಒಂದು ದಿನ ಮ್ಯೂಸಿಯಮ್ಮಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಪೇಟೆಯಲ್ಲಿ ಒಣಮೀನು ಮಾರುವ ಕಲ್ಯಾಣಿ ಮೆಂಡನ್. ಚಪ್ಪಟೆ ಮೈಯ, ಚಾಟಿಯಂಥ ಬಾಲದ ತೊರಕೆ ಮೀನನ್ನು ಉಪ್ಪು ಹಾಕಿ ಒಣಗಿಸಿ, ಅದರ ತುಂಡುಗಳನ್ನು ಅವಳು ಮಾರುತ್ತಿದ್ದಳು. ಸಾದಾ ತೊರಕೆಯನ್ನು ಎಲ್ಲರೂ ಹಿಡಿಯುತ್ತಾರೆ, ಎಲ್ಲರೂ ತಿನ್ನುತ್ತಾರೆ. ಚುಕ್ಕಿ ತೊರಕೆಯನ್ನು ಮಾತ್ರ ಹಿಡಿಯಬಾರದು, ಮಾರಬಾರದು, ತಿನ್ನಬಾರದು, ಮಾಡಿದರೆ ಜೈಲು ಎಂದು ಬಹಳ ಹಿಂದಿನಿಂದ ಕಾನೂನು ಇತ್ತು. ಯಾರೋ ದೂರು ಕೊಟ್ಟರು. ಅರಣ್ಯ ಇಲಾಖೆಯವರು ಅವಳ ಚೀಲಗಳನ್ನು ಎತ್ತಿಕೊಂಡು ಹೋದರು. ತುಂಡಿಗೆ ತಲೆಯಿಲ್ಲ, ಬಾಲವಿಲ್ಲ, ಚರ್ಮವಿಲ್ಲ. ಹಾಗಾಗಿ ಡಿಎನ್‌ಎ ಪರೀಕ್ಷೆ ಮಾಡಿಸಿದರು. ಕಣಜದಲ್ಲಿ ಹೋಲಿಸಿ ನೋಡಿದರೆ ಚುಕ್ಕಿ ತೊರಕೆ ಎಂದು ಬಂತು. ಅವಳ ಮೇಲೆ ಕೇಸು ಹಾಕಿದರು.

"ನಾನು ಮಾರಿದ್ದು ಸಾದಾ ತೊರಕೆಯೇ ಮೇಡಂ," ಎಂದಳು ಕಲ್ಯಾಣಿ. "ಅವರು ಅಲ್ಲ ಅಂತಾರೆ. ನನ್ನ ಮೀನನ್ನು ಯಾವ ಮೀನಿನ ಜೊತೆ ಇಟ್ಟು ನೋಡಿದ್ದು? ಅದನ್ನು ಒಮ್ಮೆ ತೋರಿಸಿ. ಕಣ್ಣಿಂದ ನೋಡಿದರೆ ಜೈಲಿಗೆ ಹೋಗ್ಲಿಕ್ಕೂ ನಾನು ತಯಾರುಂಟು."

"ಕೂತುಕೊಳ್ಳಿ ಕಲ್ಯಾಣಕ್ಕ, ನೋಡುವ," ಎಂದಳು ವಿನಯಾ. ಕಣಜ ತೆರೆದು ಹುಡುಕಿದಳು. ಚುಕ್ಕಿ ತೊರಕೆ ಎಂಬ ಹೆಸರಿನಲ್ಲಿ ಅಲ್ಲಿದ್ದದ್ದು ಒಂದೇ ಸಾಲು. ಸಾದಾ ತೊರಕೆಯ ಹೆಸರಿನಲ್ಲಿ ಒಂದೂ ಇರಲಿಲ್ಲ. ಅದನ್ನು ಹಾಕಿದ್ದು ಅವಳದೇ ಕೇಂದ್ರ. ಮೀನನ್ನು ಇಟ್ಟ ಮ್ಯೂಸಿಯಮ್ಮಿನ ನಂಬರು ಬರೆಯುವ ಜಾಗ ಖಾಲಿ ಇತ್ತು.

ಅವಳು ನೇರವಾಗಿ ಬಾಳಿಗರ ಕೋಣೆಗೆ ಹೋದಳು. "ಸರ್, ಈ ಮೀನು ಎಲ್ಲಿ?"

ಬಾಳಿಗರು ಕನ್ನಡಕ ಏರಿಸಿ ನೋಡಿದರು. "ಅದಾ? ತಿಂದಾಯಿತಲ್ಲ. ಒಳ್ಳೆ ಮರಿ ಮೀನು, ಬೆಣ್ಣೆಯ ಹಾಗಿತ್ತು."

"ಚುಕ್ಕಿ ತೊರಕೆ ಅಂತ ಹೇಳಿದ್ದು ಯಾರು?"

"ಯಾರೋ ಹೇಳಿದ್ರು ಮಾರಾಯ್ತಿ. ಬೆನ್ನ ಮೇಲೆ ಚುಕ್ಕಿ ಇತ್ತು."

ವಿನಯಾಳಿಗೆ ಎಲ್ಲ ಅರ್ಥವಾಯಿತು. ಸಾದಾ ತೊರಕೆಗೂ ಮರಿಯಾಗಿದ್ದಾಗ ಬೆನ್ನ ಮೇಲೆ ಚುಕ್ಕಿ ಇರುತ್ತದೆ, ಬೆಳೆದಂತೆ ಮಾಸಿಹೋಗುತ್ತದೆ. ಹಲ್ಲು ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಈಗ ಹಲ್ಲು ನೋಡಲು ಮೀನೆಲ್ಲಿದೆ? ಓದು ಬರಹ ಬಲ್ಲವರ ಹಸಿವಿಗೆ ಒಬ್ಬ ಹೆಂಗಸಿನ ಬಾಳು ಬಲಿಯಾಗಬೇಕೇ? ಅವಳಿಗೆ ಸಿಟ್ಟು ನೆತ್ತಿಗೇರಿತು.

ಅವಳು ಬಂದರಿಗೆ ಹೋಗಿ ದೊಡ್ಡ ಸಾದಾ ತೊರಕೆಯೊಂದನ್ನು ತಂದಳು. ಹಲ್ಲು, ಮುಳ್ಳು ಎಲ್ಲ ನೋಡಿ, ಬೇರೆ ಊರಿನ ತಜ್ಞರಿಗೂ ತೋರಿಸಿ, ನಂಬರು ಹಾಕಿ ಜಾಡಿಯಲ್ಲಿಟ್ಟಳು. ಅದರ ಚೂರನ್ನೂ, ಮ್ಯೂಸಿಯಮ್ಮಿನಲ್ಲಿದ್ದ ನಿಜವಾದ ಚುಕ್ಕಿ ತೊರಕೆಯ ಚೂರನ್ನೂ ಬೇರೊಂದು ಲ್ಯಾಬಿಗೆ ಕಳಿಸಿದಳು. ಕಣಜದಲ್ಲಿ ಚುಕ್ಕಿ ತೊರಕೆ ಎಂದಿದ್ದ ಸಾಲು ಸಾದಾ ತೊರಕೆಗೇ ತಾಳೆಯಾಯಿತು. ನಿಜವಾದ ಚುಕ್ಕಿ ತೊರಕೆಯ ಸಾಲು ಬೇರೆಯೇ ಇತ್ತು.

ಅಷ್ಟರಲ್ಲಿ ಕೋರ್ಟಿನಿಂದ ಕೇಂದ್ರಕ್ಕೆ ಆದೇಶ ಬಂತು. ಯಾವ ಮೀನಿಗೆ ಹೋಲಿಸಿ ಕೇಸು ಹಾಕಿದ್ದಾರೋ ಆ ಮೀನನ್ನು ತಂದು ತೋರಿಸಿ ಎಂದು.

ಬಾಳಿಗರು ವಿನಯಾಳನ್ನು ಕರೆಸಿದರು. ಈ ಸಲ ನಗಲಿಲ್ಲ. "ನಿಮ್ಮಲ್ಲಿ ಚುಕ್ಕಿ ತೊರಕೆ ಒಂದು ಉಂಟಲ್ಲ? ಅದರ ಚೀಟಿ ತೆಗೆದು ನಮ್ಮ ಸಾಲಿನ ನಂಬರು ಅಂಟಿಸಿ. ಮೀನು ಇದೇ ಅಂತ ಹೇಳಿದರೆ ಮುಗಿಯಿತು."

"ಹಾಗೆ ಮಾಡಿದರೆ ಕಲ್ಯಾಣಕ್ಕ ಜೈಲಿಗೆ ಹೋಗ್ತಾರೆ ಸರ್."

"ಇಲ್ಲದಿದ್ದರೆ ಕೇಂದ್ರದ ಮಾನ ಹೋಗ್ತದೆ. ನಿಮ್ಮ ಕೆಲಸ ಖಾಯಂ ಮಾಡುವ ಫೈಲು ನನ್ನ ಮೇಜಿನ ಮೇಲೆಯೇ ಉಂಟು, ನೆನಪಿರಲಿ."

ವಿನಯಾಳಿಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸಿಟ್ಟು ಹೆದರಿಕೆಗಿಂತ ದೊಡ್ಡದಿತ್ತು. "ಒಂದು ಜಾಡಿಯ ಚೀಟಿ ಬದಲಿಸಿದರೆ ಉಳಿದ ಯಾವ ಜಾಡಿಯನ್ನೂ ಯಾರೂ ನಂಬಬೇಕಾಗಿಲ್ಲ. ನಾನು ಬದಲಿಸುವುದಿಲ್ಲ ಸರ್. ಫೈಲು ನಿಮ್ಮಲ್ಲೇ ಇರಲಿ."

ಕೋರ್ಟಿನಲ್ಲಿ ನ್ಯಾಯಾಧೀಶೆ ಕೇಳಿದರು, "ಮೀನು ಎಲ್ಲಿ?"

"ಇಲ್ಲ, ಮೇಡಂ," ಎಂದಳು ಕಲ್ಯಾಣಿಯ ಪರ ಸಾಕ್ಷಿಗೆ ನಿಂತ ವಿನಯಾ. "ಹೆಸರು ಕೊಟ್ಟ ದಿನವೇ ಕೇಂದ್ರದವರು ಸಾರು ಮಾಡಿ ತಿಂದಿದ್ದಾರೆ." ಆಮೇಲೆ ತಾನು ಮಾಡಿಸಿದ ಪರೀಕ್ಷೆಯ ವಿಷಯವನ್ನೆಲ್ಲ ಹೇಳಿದಳು. ಎರಡು ಜಾಡಿಗಳನ್ನೂ ಮುಂದಿಟ್ಟಳು.

ಹಿಂದೆ ಕೂತಿದ್ದವರು ನಕ್ಕರು. ನ್ಯಾಯಾಧೀಶೆ ನಗಲಿಲ್ಲ. ಬಾಳಿಗರ ಕಡೆ ತಿರುಗಿದರು. "ಡಾಕ್ಟರೇ, ನೀವು ಕೊಟ್ಟ ಹೆಸರು ಸರಿಯಾಗಿದ್ದರೆ ಚುಕ್ಕಿ ತೊರಕೆಯನ್ನು ತಿಂದ ಅಪರಾಧ ನಿಮ್ಮದು. ಹೆಸರು ತಪ್ಪಾಗಿದ್ದರೆ ಕಲ್ಯಾಣಿಯದು ಏನೂ ತಪ್ಪಿಲ್ಲ. ಯಾವುದೆಂದು ನೀವೇ ಹೇಳಿ."

ಅಕ್ಷರ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ ಬಾಳಿಗರು ಬೆವರು ಒರೆಸಿಕೊಂಡರು. ತಮ್ಮ ತಲೆಯ ಮೇಲೆ ಬಂದಾಗ ಸತ್ಯ ಎಷ್ಟು ಬೇಗ ನೆನಪಾಗುತ್ತದೆ ನೋಡಿ. "ಹೆಸರು... ಅಂದಾಜಿನ ಮೇಲೆ ಕೊಟ್ಟದ್ದು," ಎಂದರು.

ನ್ಯಾಯಾಧೀಶೆ ಕಲ್ಯಾಣಿಯನ್ನು ಬಿಟ್ಟುಬಿಟ್ಟರು. ಕಣಜದ ಹೆಸರನ್ನು ತಿದ್ದಿ, ವಿನಯಾಳ ಜಾಡಿಗಳ ನಂಬರನ್ನೇ ಅಲ್ಲಿ ಸೇರಿಸಬೇಕೆಂದು ಬಾಳಿಗರಿಗೆ ತಾಕೀತು ಮಾಡಿದರು. ಆದರೆ ಕಲ್ಯಾಣಿಯ ಒಣಮೀನು ಇಲಾಖೆಯ ಗೋದಾಮಿನಲ್ಲಿ ಹುಳ ಹಿಡಿದುಹೋಗಿತ್ತು. ಪೇಟೆಯಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲಿ ಬೇರೆಯವರು ಕೂತಿದ್ದರು. ಕಳ್ಳಿ ಎಂದು ಬಂದ ಹೆಸರನ್ನು ತಿದ್ದಲು ಯಾವ ಕಣಜವೂ ಇರಲಿಲ್ಲ.

ಹೊರಗೆ ಬಂದಾಗ ಬಾಳಿಗರು ಅವಳ ಮುಂದೆ ನಿಂತು, "ಏನೋ ಒಂದು ಸಣ್ಣ ತಪ್ಪಾಯಿತು ಕಲ್ಯಾಣಿಯವರೇ, ಬೇಸರ ಮಾಡಿಕೊಳ್ಳಬೇಡಿ," ಎಂದರು.

ಕಲ್ಯಾಣಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಮೀನು ತಿಂದವರು ನೀವು. ಜೈಲಿಗೆ ಹೋಗಬೇಕಾದವಳು ನಾನು. ಇದು ಸಣ್ಣ ತಪ್ಪಾದರೆ, ದೊಡ್ಡ ತಪ್ಪು ಅಂದರೆ ಎಂತದು ಸರ್?"



ನೀತಿ: ಯಂತ್ರ ಓದಿದ ಅಕ್ಷರ ಸುಳ್ಳಾಗದಿರಬಹುದು, ಆದರೆ ಅದಕ್ಕೆ ಅಂಟಿಸಿದ ಹೆಸರು ಸುಳ್ಳಾಗಬಹುದು. ಸರಿಯಾಗಿ ಗುರುತಿಸಿ, ಯಾರು ಕೇಳಿದರೂ ತೋರಿಸುವಂತೆ ಕಾಪಾಡಿದ ಜೀವಿಗೆ ಕಟ್ಟಿಟ್ಟ ಹೆಸರಿಗೆ ಮಾತ್ರ ಬೆಲೆ. ಸಾಕ್ಷಿ ಉಳಿಸದೆ ಹೆಸರು ಹಂಚುವವನು ತನ್ನ ಸೋಮಾರಿತನದ ಶಿಕ್ಷೆಯನ್ನು ಮುಖ ಕಂಡರಿಯದ ಯಾರದೋ ತಲೆಗೆ ಕಟ್ಟುತ್ತಾನೆ.