ಸುಳ್ಳುಮಂಟಪ

ಕರಿಗಲ್ಲಹಟ್ಟಿಯ ಕೋಟೆಬಾಗಿಲನ್ನು ದಾಟಿದೊಡನೆ ಎಡಕ್ಕೆ ನಾಲ್ಕು ಕಂಬಗಳ ಮಂಟಪವೊಂದು ಕಾಣುತ್ತದೆ. ಅದರ ಹಿಂಗೋಡೆಯ ಮೇಲೆ ಸತ್ಯಹರಿಶ್ಚಂದ್ರನ ಮಸಣದ ಚಿತ್ರವಿದೆ. ಸತ್ಯಕ್ಕಾಗಿ ರಾಜ್ಯವನ್ನೇ ತೊರೆದವನ ಈ ತಾಣಕ್ಕೆ ಊರವರಿಟ್ಟ ಹೆಸರು ಸುಳ್ಳುಮಂಟಪ. ಹೊಸಬರು ಕೇಳಿ ನಗುತ್ತಾರೆ, ಊರವರು ನಗುವುದಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನಾಳಿದ ಸರ್ಜಪ್ಪನಾಯಕನಿಗೆ ತನ್ನನ್ನು ಹರಿಶ್ಚಂದ್ರನ ರೂಪದಲ್ಲಿ ಕಾಣುವ ಬಯಕೆ ಹುಟ್ಟಿತು ಎನ್ನುತ್ತಾರೆ. ಬದುಕಿರುವವರ ಮುಖಗಳನ್ನು ಪುರಾಣಪುರುಷರಿಗಿಟ್ಟು ಬರೆಯುವುದರಲ್ಲಿ ಎಣೆಯಿಲ್ಲದವನೆನಿಸಿದ ಚಿತ್ರಗಾರ ವಿರೂಪಣ್ಣನನ್ನು ಅವನು ಕರೆಸಿದನು. ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡ ಚಂದ್ರಮತಿಯಾಗಿ ಕೂರಲು, ಬಣ್ಣದ ಕಲ್ಲು ಅರೆಯುವ ವಿಧವೆ ಪಾಪಕ್ಕನನ್ನು ವಿರೂಪಣ್ಣನು ಆರಿಸಿದನು. ಆಕೆಯ ಒಬ್ಬನೇ ಮಗ ಕಾಟಯ್ಯ ನಾಯಕನ ಗಡಿಕಾವಲಿನಲ್ಲಿದ್ದನು. ತೊಡೆಯ ಮೇಲೆ ಹುಲ್ಲಿನ ಗೊಂಬೆಯನ್ನಿಟ್ಟು ಅಳು ಎಂದರೆ ಪಾಪಕ್ಕನಿಗೆ ನಗೆ. "ಅಲ್ಲ ಸ್ವಾಮಿ, ಈ ಹುಲ್ಲಿನ ಮಗನಿಗೆ ಹೆಂಗೆ ಅಳಲಿ? ದನ ಬಂದ್ರೆ ತಿಂದ್ಕೊಂಡು ಹೋಗ್ತದೆ!" ಎನ್ನುವಳು. ಮೂರು ದಿನ ಗೋಡೆಗೆ ಗಾರೆ ಬಳಿದದ್ದೂ ಆಯಿತು, ಮುಖದಲ್ಲಿ ಅಳು ಮೂಡದೆ ಅದನ್ನು ಕೆರೆದು ತೆಗೆದದ್ದೂ ಆಯಿತು. "ಏನಯ್ಯಾ, ನಿನ್ನ ಚಂದ್ರಮತಿ ಬೀಗರೂಟಕ್ಕೆ ಕೂತಂಗೆ ಕೂತವ್ಳಲ್ಲಾ!" ಎಂದು ನಾಯಕನು ಹಂಗಿಸಿದನು. ಚಿತ್ರಗಾರನು ತಲೆಬಾಗಿ, "ಬುದ್ಧೀ, ನಾನು ಹೇಳಿದರೆ ಆಕೆ ನಂಬಳು. ತಾವು ಹೇಳಿದರೆ ನಂಬುತ್ತಾಳೆ" ಎಂದು ಬಿನ್ನವಿಸಿದನು.

ನಾಲ್ಕನೆಯ ಬೆಳಗ್ಗೆ, ಮಸಣ ಕಾಯುವ ಹರಿಶ್ಚಂದ್ರನ ವೇಷದಲ್ಲಿ ಕೋಲು ಹಿಡಿದು ನಿಂತ ನಾಯಕನು, "ಪಾಪಕ್ಕಾ, ಗಡಿಯಲ್ಲಿ ನಿನ್ನ ಮಗ ಬಿದ್ದ" ಎಂದನು. ಆಕೆ ಗೊಂಬೆಯನ್ನು ಎದೆಗವಚಿಕೊಂಡು ಕೂಗಿದ ಕೂಗು ಕೋಟೆಯ ಆಚೆಗೂ ಕೇಳಿಸಿತಂತೆ. ಹಸಿಗಾರೆ ಆರುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು. ಆದುದರಿಂದ ಸಂಜೆಯವರೆಗೂ ಯಾರೊಬ್ಬರೂ ನಿಜ ನುಡಿಯಲಿಲ್ಲ. ನಡುವೆ ಆಕೆ ಮೂರ್ಛೆಹೋದಾಗ ನೀರು ಚಿಮುಕಿಸಿ ಎಬ್ಬಿಸಿ, ಮುಖವನ್ನು ಬೆಳಕಿಗೆ ತಿರುಗಿಸಿದರು. ಕಡೆಯ ಗೆರೆಯೆಳೆದ ಮೇಲೆ ವಿರೂಪಣ್ಣನು ಕುಂಚ ಒರೆಸಿಕೊಳ್ಳುತ್ತ, "ಏಳು ತಾಯಿ, ನಿನ್ನ ಮಗ ಬದುಕಿದ್ದಾನೆ. ಚಿತ್ರಕ್ಕಾಗಿ ಆಡಿದ ಮಾತು ಅದು" ಎಂದನು. ಆಕೆ ಏಳಲಿಲ್ಲ. ಮರುದಿನ ಕಾಟಯ್ಯನನ್ನೇ ಕರೆತಂದು ಎದುರಿಗೆ ನಿಲ್ಲಿಸಿದರು. ಪಾಪಕ್ಕ ಮಗನ ಗಲ್ಲವನ್ನು ಬೆರಳಿನಿಂದ ಒತ್ತಿದಳು. ಬಣ್ಣ ಹತ್ತಿತೇ ಎಂದು ಬೆರಳನ್ನು ನೋಡಿಕೊಂಡಳು. "ಇವನನ್ನೂ ಚೆನ್ನಾಗಿ ಮಾಡಿದ್ದೀಯ ಸ್ವಾಮಿ" ಎಂದು ಗೊಂಬೆಯ ಕಡೆಗೆ ತಿರುಗಿದಳು. ಅಂದೇ ನಾಯಕನು ಚಿತ್ರಗಾರನ ಕೈಗೆ ಚಿನ್ನದ ಕಡಗ ತೊಡಿಸಿದನು.

ಆ ಬಳಿಕ ಪಾಪಕ್ಕ ಈ ಗೋಡೆಯ ಬುಡವನ್ನು ಬಿಟ್ಟು ಕದಲಲಿಲ್ಲ. ಆಕೆ ಸಾಯುವವರೆಗೂ ಕಾಟಯ್ಯನು ದಿನವೂ ಬಂದು, "ಅವ್ವಾ, ನಾನು ಬದುಕಿದ್ದೀನಿ" ಎನ್ನುತ್ತಿದ್ದನಂತೆ. ಈಗ ನಾಯಕನ ಮುಖದ ಬಣ್ಣವೆಲ್ಲ ಉದುರಿ ಸುಣ್ಣವಷ್ಟೇ ಉಳಿದಿದೆ. ಚಂದ್ರಮತಿಯ ಮುಖ ಮಾತ್ರ ನಿನ್ನೆ ಬರೆದಂತಿದೆ. ವಿರೂಪಣ್ಣನ ಕೈಚಳಕವನ್ನು ಅಲ್ಲಗಳೆಯಲಾಗದು. ಹಾದುಹೋಗುವ ಹೆಂಗಸರು ಇಂದಿಗೂ ಒಳಹೊಕ್ಕು, ಚಂದ್ರಮತಿಯ ಕಿವಿಗೆ ಬಾಯಿಯಿಟ್ಟು, "ನಿನ್ನ ಮಗ ಬದುಕಿದ್ದಾನೆ ಕಣವ್ವಾ" ಎಂದು ಹೇಳಿಯೇ ಮುಂದೆ ಸಾಗುತ್ತಾರೆ. ಅಷ್ಟು ಜನರ ಉಸಿರು ತಾಗಿ ಚಂದ್ರಮತಿಯ ಆ ಒಂದು ಕಿವಿ ಕಪ್ಪಾಗಿದೆ.