ಆಟದ ಊರಿನ ಕಾವಲುಗಾರ

“ಬುದ್ಧೀ, ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಅದರಿಂದ ಯಾರಿಗಾದರೂ ಅನ್ಯಾಯವಾಗುತ್ತದೆಯೇ?” ಎಂದು ಗುರುಮಲ್ಲ ಸ್ವಾಮಿಗಳನ್ನು ಕೇಳಿದ.

ಮಠಕ್ಕೆ ದರ್ಶನಕ್ಕೆ ಬರುವವರನ್ನು ನೋಡಿಕೊಳ್ಳುವುದು ಗುರುಮಲ್ಲನ ಪಾಲಿನ ಸೇವೆ. ಬಂದವರಲ್ಲಿ ಕೆಲವರು ಕಷ್ಟ ಹೇಳಿಕೊಳ್ಳುತ್ತಾರೆ, ಕೆಲವರು ವಿಭೂತಿ ಪಡೆದು ಹೋಗುತ್ತಾರೆ. ಇನ್ನು ಕೆಲವರು ಏನನ್ನೂ ಕೇಳದೆ ಕಂಬಕ್ಕೆ ಒರಗಿ ಸುಮ್ಮನೆ ಕುಳಿತುಬಿಡುತ್ತಾರೆ. ಅವರಿಂದ ಜಾಗ ಸಾಲದಾಗುತ್ತಿತ್ತು. ಅದಕ್ಕೆ ಗುರುಮಲ್ಲ ‘ದರ್ಶನವಾದವರು ಜಾಗ ಬಿಡಿ’ ಎಂದು ತನ್ನ ದನಿಯನ್ನು ಮುದ್ರಿಸಿ ಮೈಕಿಗೆ ಹಾಕಿದ್ದ. ಅದು ಆಗಾಗ ತಾನಾಗಿಯೇ ಕೂಗುತ್ತಿತ್ತು. ಅವನ ಗಂಟಲಿಗೂ ವಿಶ್ರಾಂತಿ ಸಿಕ್ಕಿತ್ತು.

ಸ್ವಾಮಿಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರಿಪೇರಿಯವನಿದ್ದ. ಪಂಪುಸೆಟ್ಟು, ಮಿಕ್ಸಿ, ಫ್ಯಾನು, ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಮತ್ತೆ ಜೋಡಿಸುವ ಜಾಣ. ಅವನಿಗೆ ಕಂಪ್ಯೂಟರ್ ಆಟದ ಹುಚ್ಚು. ಚೌಕಾಬಾರದ ಹಾಗೆ ಗೆದ್ದು ಸೋತು ಮಡಿಚಿಡುವ ಆಟ ಅದಲ್ಲ. ಅದೊಂದು ಊರು. ಒಳಗೆ ಹೋದವರು ಕಲ್ಲು ಕಡಿಯಬಹುದು, ಮನೆ ಕಟ್ಟಬಹುದು, ಹೊಲ ಮಾಡಬಹುದು. ಇಂದು ಕಟ್ಟಿದ್ದು ನಾಳೆಗೂ ಇರುತ್ತದೆ. ಆ ಊರು ಇರುವುದು ಸರ್ವರ್ ಎನ್ನುವ ಒಂದು ಕಂಪ್ಯೂಟರಿನೊಳಗೆ. ಸರ್ವರ್ ಓಡುತ್ತಿದ್ದರೆ ಊರಿನ ಬಾಗಿಲು ತೆರೆದಿರುತ್ತದೆ, ನಿಂತರೆ ಮುಚ್ಚಿರುತ್ತದೆ.

ಸರ್ವರನ್ನು ಬಾಡಿಗೆಗೆ ಕೊಡುವ ಕಂಪನಿಗಳಿವೆ. ರಿಪೇರಿಯವನಿಗೆ ಅದು ಹಿಡಿಸಲಿಲ್ಲ. ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಇನ್ನೊಬ್ಬರನ್ನು ಕೇಳಬೇಕು ಎನ್ನುವವನು ಅವನು. ಹಳೆಯ ಕಂಪ್ಯೂಟರೊಂದನ್ನು ಸರಿಮಾಡಿ ತನ್ನ ಮನೆಯ ಅಟ್ಟದ ಮೇಲೆಯೇ ಸರ್ವರ್ ಹೂಡಿದ. ಗೆಳೆಯರು ತಮ್ಮ ತಮ್ಮ ಮನೆಯಲ್ಲಿ ಕುಳಿತೇ ಅದರೊಳಗೆ ಬಂದು ಆಡುತ್ತಿದ್ದರು. ದಿನವಿಡೀ ಓಡಿದರೆ ಯಂತ್ರ ಕಾಯುತ್ತದೆ ಎಂದು ಯಾರೂ ಇಲ್ಲದಾಗ ನಿಲ್ಲಿಸುತ್ತಿದ್ದ. ಆಡಬೇಕೆನಿಸಿದವರು ಫೋನ್ ಮಾಡಿ ಬಾಗಿಲು ತೆಗೆಯಣ್ಣ ಎನ್ನುತ್ತಿದ್ದರು. ಫೋನ್ ಮಾಡಿದ ಮೇಲೆ ಊಟ, ಮಕ್ಕಳು, ಮಂಡಿನೋವು ಎಲ್ಲದರ ಮಾತೂ ಬರುತ್ತಿತ್ತು.

ಯಾರದೋ ಬಾವಿಯ ಪಂಪು ಬಿಚ್ಚಿ ಕೂತಿದ್ದಾಗಲೂ ಫೋನು ಬಂದರೆ ಯಾರಿಗೆ ಬೇಸರವಾಗುವುದಿಲ್ಲ? ಅವನು ಒಂದು ಬಾಟ್ ಮಾಡಿದ. ಬಾಟ್ ಎಂದರೆ ಕಲಿಸಿದ ಕೆಲಸವನ್ನಷ್ಟೇ ಮಾಡುವ, ಕಲಿಸಿದ ಮಾತನ್ನಷ್ಟೇ ಆಡುವ, ಮೈಯಿಲ್ಲದ ಆಳು. ಸರ್ವರಿನ ಪಕ್ಕದಲ್ಲಿ ಅಂಗೈಯಗಲದ ಇನ್ನೊಂದು ಕಂಪ್ಯೂಟರಿಟ್ಟು ಅದರಲ್ಲಿ ಬಾಟನ್ನು ಕೂರಿಸಿದ. ಗೆಳೆಯರ ಚಾಟ್ ಗುಂಪಿಗೆ ಸೇರಿಸಿದ. ಹೆಸರು ಕಾವಲುಗಾರ ಎಂದು ಇಟ್ಟ, ಪಟಕ್ಕೆ ರುಮಾಲು ಸುತ್ತಿದ ಒಬ್ಬ ಹುಡುಗನ ಚಿತ್ರ ಹಾಕಿದ. ಗುಂಪಿನಲ್ಲಿ ‘ತೆರೆ’ ಎಂದು ಬರೆದರೆ ಸರ್ವರ್ ಓಡುತ್ತದೆ, ‘ಮುಚ್ಚು’ ಎಂದರೆ ನಿಲ್ಲುತ್ತದೆ. ರಿಪೇರಿಯವನು ಯಾವ ಊರಿನಲ್ಲಿದ್ದರೂ ಸರಿ. ಫೋನು ಬರುವುದು ನಿಂತಿತು. ಅವನಿಗೆ ಹಾಯೆನಿಸಿತು.

ಆ ಗೆಳೆಯರಲ್ಲಿ ಒಬ್ಬ ಯುವಕ ಜ್ವರ ಬಂದು ಆಸ್ಪತ್ರೆ ಸೇರಿದ. ತಿರುಗಿ ಮನೆಗೆ ಬರಲಿಲ್ಲ. ಮನೆಯಲ್ಲಿದ್ದವಳು ತಾಯಿ ಒಬ್ಬಳೇ. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಬಾಳಿದವಳು. ನಿನಗೊಂದು ಸ್ವಂತ ಮನೆ ಕಟ್ಟಿಸಿಕೊಡುತ್ತೇನೆ ಎಂದು ಮಗ ಹೇಳುತ್ತಲೇ ಇದ್ದ. ಅದು ಕೈಗೂಡುವವರೆಗೆ ಇದಿರಲಿ ಎಂದು ಆಟದ ಊರಿನಲ್ಲಿ ಒಂದು ಮನೆ ಕಟ್ಟಿದ್ದ. ಎರಡು ಜಗಲಿ, ಹಿತ್ತಲಲ್ಲಿ ಬಾವಿ, ಬಾಗಿಲ ಮೇಲೆ ಅವಳ ಹೆಸರು. ಮಗ ಕಟ್ಟಿದ ಮನೆ ಎಂದು ಅವಳಿಗೆ ಉಳಿದದ್ದು ಅದೊಂದೇ.

ಕರ್ಮಗಳು ಮುಗಿದ ಮೇಲೆ ರಿಪೇರಿಯವನು ಮಾತಾಡಿಸಲು ಹೋದಾಗ, ಆ ಮನೆಯನ್ನು ಒಮ್ಮೆ ನೋಡಬಹುದೇ ಎಂದು ಅವಳು ಕೇಳಿದಳು. ಒಮ್ಮೆ ಏಕೆ, ದಿನವೂ ನೋಡಿ ಎಂದ. ಒಳ್ಳೆಯ ಮನಸ್ಸಿನವನೇ. ಅವಳ ಫೋನಿನಲ್ಲಿ ಎಲ್ಲವನ್ನೂ ಹೊಂದಿಸಿಕೊಟ್ಟು, ಅವಳನ್ನೂ ಚಾಟ್ ಗುಂಪಿಗೆ ಸೇರಿಸಿ, ಒಳಗೆ ಹೋದ ಕೂಡಲೇ ಮಗನ ಮನೆಯ ಮುಂದೆ ನಿಲ್ಲುವಂತೆ ಮಾಡಿದ. ‘ತೆರೆ’ ಎಂದು ಕಾವಲುಗಾರನಿಗೆ ಬರೆಯಿರಿ, ಅವನು ತೆರೆಯುತ್ತಾನೆ ಎಂದ. ಕಾವಲುಗಾರ ಯಾರು ಎಂದು ಅವಳು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಆಟದಲ್ಲಿ ನಡೆಯುವುದು, ತಿರುಗುವುದು ಅವಳ ಕೈಗೆ ಹತ್ತಲಿಲ್ಲ. ಬೇಕಾಗಿಯೂ ಇರಲಿಲ್ಲ. ದಿನವೂ ಮಧ್ಯಾಹ್ನ ‘ತೆರೆ’ ಎಂದು ಬರೆದು ಒಳಗೆ ಹೋಗುತ್ತಿದ್ದಳು. ಮಗನ ಮನೆಯ ಮುಂದೆ ನಿಂತು ನೋಡುತ್ತಿದ್ದಳು. ಆಟದ ಊರಿನ ಹಗಲು ಚಿಕ್ಕದು, ನೋಡನೋಡುತ್ತಲೇ ಅಲ್ಲಿ ಹೊತ್ತು ಇಳಿಯುತ್ತಿತ್ತು, ಮನೆಯೊಳಗೆ ದೀಪ ಕಾಣುತ್ತಿತ್ತು. ಆಗ ಫೋನನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಅತ್ತ ಮೇಲೆ ಒಂದು ತುತ್ತು ಊಟ ಸೇರುತ್ತಿತ್ತು.

ಅಷ್ಟರಲ್ಲಿ ಕೆಲವು ಗೆಳೆಯರು ಆಡಲು ಬಂದು, ಹೊರಗೆ ಹೋಗುವುದನ್ನು ಮರೆತು ನಿದ್ದೆ ಮಾಡತೊಡಗಿದರು. ಆಟದೊಳಗೆ ಅವರ ಪರವಾಗಿ ಓಡಾಡುವ ಗೊಂಬೆಗಳು ನಿಂತೇ ಇರುತ್ತಿದ್ದವು, ಸರ್ವರ್ ವ್ಯರ್ಥವಾಗಿ ಓಡುತ್ತಿತ್ತು. ರಿಪೇರಿಯವನು ಬಾಟಿಗೆ ಒಂದು ನಿಯಮ ಕಲಿಸಿದ. ಸ್ವಲ್ಪ ಹೊತ್ತು ಅಲುಗಾಡದೆ ನಿಂತವರನ್ನು ಹೊರಗೆ ಕಳಿಸಬೇಕು, ಯಾರೂ ಉಳಿಯದಿದ್ದರೆ ಬಾಗಿಲು ಮುಚ್ಚಬೇಕು. ಹೊರಗೆ ಬಿದ್ದವರ ಫೋನಿಗೆ ಒಂದು ಮಾತು ಹೋಗುವಂತೆಯೂ ಮಾಡಿದ: ‘ನಿಮಗೆ ಇಲ್ಲಿ ಕೆಲಸವಿಲ್ಲ. ಹೊರಡಿ.’ ಸೋಮಾರಿ ಗೆಳೆಯರನ್ನು ನೆನೆದು ನಗುನಗುತ್ತಾ ಬರೆದ ಮಾತು ಅದು.

ಮರುದಿನ ಮಧ್ಯಾಹ್ನ ಆ ಮಾತು ತಾಯಿಗೆ ಬಂತು.

ಅವಳು ಕುಗ್ಗಿಹೋದಳು. ಕಾವಲುಗಾರನ ಚಿತ್ರವನ್ನು ಒತ್ತಿ, ಅವನೊಬ್ಬನಿಗೇ ಕಾಣುವಂತೆ ಬರೆದಳು: ‘ಅಪ್ಪಾ, ನಾನು ಏನನ್ನೂ ಮುಟ್ಟುವುದಿಲ್ಲ. ಒಂದು ಗಳಿಗೆ ನಿಂತು ಹೋಗುತ್ತೇನೆ.’ ಉತ್ತರ ಬಂತು: ‘ಈ ಮಾತು ನನಗೆ ಗೊತ್ತಿಲ್ಲ.’ ಅದು ನನ್ನ ಮಗ ಕಟ್ಟಿದ ಮನೆ ಎಂದು ಬರೆದಳು. ಅದಕ್ಕೂ ಅದೇ ಉತ್ತರ. ಹಗಲೂ ರಾತ್ರಿ ಬಾಗಿಲು ಕಾಯುವ ಹುಡುಗ, ದಣಿದು ಸಿಡುಕುತ್ತಿದ್ದಾನು ಎಂದುಕೊಂಡು, ಊಟವಾಯಿತೇನಪ್ಪ ಎಂದು ಕೇಳಿದಳು. ಆ ಮಾತೂ ಅವನಿಗೆ ಗೊತ್ತಿರಲಿಲ್ಲ.

ಇನ್ನೂ ಕೆಲವು ದಿನ ಹೋಗಿ ನೋಡಿದಳು. ಪ್ರತಿಸಲವೂ ದೀಪ ಕಾಣುವ ಮೊದಲೇ ಹೊರಡಿ ಎಂಬ ಮಾತು ಬಂತು. ಎಬ್ಬಿಸಿ ಕಳಿಸಿದ ಜಗಲಿಗೆ ಮತ್ತೆ ಮತ್ತೆ ಹೋಗುವುದು ಮಾನವಂತರಿಂದ ಆಗುವ ಕೆಲಸವಲ್ಲ. ಅವಳು ಹೋಗುವುದನ್ನು ಬಿಟ್ಟಳು. ರಿಪೇರಿಯವನಿಗೆ ಇದೇನೂ ತಿಳಿಯಲಿಲ್ಲ. ಅವನ ಕಿವಿಗೆ ದೂರು ಬರಲಿಲ್ಲ. ದೂರು ಬಾರದಿದ್ದರೆ ಎಲ್ಲ ನೆಟ್ಟಗಿದೆ ಎಂದುಕೊಳ್ಳುವುದು ಯಜಮಾನರ ಜಾಯಮಾನ.

ಕೆಲವು ತಿಂಗಳ ಮೇಲೆ ಹಿಟ್ಟಿನ ಗಿರಣಿಯ ಮುಂದೆ ಅವಳು ಅವನಿಗೆ ಸಿಕ್ಕಳು. ಬಹಳ ಇಳಿದುಹೋಗಿದ್ದಳು. ಮನೆ ನೋಡುತ್ತಿದ್ದೀರಾ ಅಮ್ಮ ಎಂದು ಕೇಳಿದ. ಅವಳು ಹಿಟ್ಟಿನ ಡಬ್ಬಿಯನ್ನು ಕೆಳಗಿಟ್ಟು ಹೇಳಿದಳು:

“ಇಲ್ಲಪ್ಪ. ಅಲ್ಲಿ ಸುಮ್ನೆ ನಿಂತ್ಕೋಬಾರ್ದಂತೆ, ನಂಗೆ ಗೊತ್ತಿರಲಿಲ್ಲ. ಆ ಬಾಗಿಲು ಕಾಯೋ ಹುಡುಗನ್ನ ಮಾತ್ರ ಬಯ್ಬೇಡ ಕಣಪ್ಪ. ಯಾರೋ ಹೇಳ್ಕೊಟ್ಟಿದ್ದನ್ನ ಹೇಳ್ತಾನೆ, ಪಾಪ.”

ಹುಡುಗ ಯಾರೂ ಇಲ್ಲ, ಹೇಳಿಕೊಟ್ಟವನು ನಾನೇ ಎನ್ನಲು ಅವನು ಬಾಯಿ ತೆರೆದ. ಎಂಥ ಪಂಪನ್ನಾದರೂ ಬಿಚ್ಚುತ್ತಿದ್ದವನಿಗೆ ಅದೊಂದು ಮಾತು ಆಡಲಾಗಲಿಲ್ಲ. “ಅವನಿಗೆ ಹೇಳ್ತೀನಮ್ಮ” ಎಂದ. ಅವಳು ಡಬ್ಬಿ ಎತ್ತಿಕೊಂಡು ನಡೆದಳು.

ಮನೆಗೆ ಬಂದವನು ಆಟದ ಊರಿನೊಳಗೆ ಹೋಗಿ ಆ ಮನೆಯ ಮುಂದೆ ನಿಂತ. ಅಷ್ಟು ದಿನ ತನ್ನ ಅಟ್ಟದ ಮೇಲೇ ಇದ್ದ ಮನೆಯನ್ನು ಅವನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಬಾಗಿಲ ಮೇಲಿನ ಹೆಸರು ಓದಿದ. ಜಗಲಿಯ ಕಲ್ಲುಗಳನ್ನು ನೋಡಿದ. ನೋಡುತ್ತಾ ಅಲುಗಾಡದೆ ನಿಂತುಬಿಟ್ಟ. ಬಾಟ್ ಅವನನ್ನೂ ಹೊರಗೆ ಹಾಕಿತು. ನಿಮಗೆ ಇಲ್ಲಿ ಕೆಲಸವಿಲ್ಲ, ಹೊರಡಿ ಎಂದಿತು. ತಾನು ಬರೆದ ಮಾತನ್ನು ಅವನು ಓದಿದ್ದು ಆಗಲೇ. ಅವನಿಗೆ ದುಃಖ ತಡೆಯಲಾಗಲಿಲ್ಲ. ಅತ್ತ.

ನಿಯಮವನ್ನು ಅಳಿಸಿದ. ಅಂದಿನಿಂದ ಸರ್ವರನ್ನು ನಿಲ್ಲಿಸಲಿಲ್ಲ. ಯಂತ್ರ ಕಾದರೆ ಕಾಯಲಿ ಎಂದು ಬಿಟ್ಟ. ಮಧ್ಯಾಹ್ನವಾದರೆ, ಎಲ್ಲಿದ್ದರೂ ಎಣ್ಣೆಗೈ ಒರೆಸಿಕೊಂಡು ಫೋನ್ ತೆಗೆದು, ಒಳಗೆ ಯಾರಿದ್ದಾರೆ ಎಂದು ಬಾಟನ್ನು ಕೇಳುತ್ತಿದ್ದ. ಯಾರೂ ಇಲ್ಲ ಎಂದು ಅದು ಹೇಳುತ್ತಿತ್ತು. ಅವಳು ಬರಲೇ ಇಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಮಲ್ಲನ ಕಣ್ಣು ತುಂಬಿತ್ತು.

“ಒಂದೇ ಊರಿನವರಲ್ಲವೇ ಬುದ್ಧಿ, ಅವನು ಆ ತಾಯಿಯನ್ನು ಕರೆಯಲಿಲ್ಲವೇ?” ಎಂದು ಕೇಳಿದ.

“ಕರೆದ, ಗುರುಮಲ್ಲ. ಬಾಟಿನ ಕೈಯಲ್ಲಿ ಹೇಳಿಕಳಿಸಿದ.”